ಎಂಟು ಕೈಗೆ ಎಂಟು ಕೀಲಿ

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಕೋಡು ಬರೆಯೋಕೆ ಕೊಡೋದೂ ಒಂದೇ, ಅಕ್ಷರ ಬಾರದವನಿಗೆ ಅಂಚೆ ಹಂಚೋಕೆ ಕೊಡೋದೂ ಒಂದೇ!" ಎಂದು ಎನ್ಡೋಲಾ ಪಟ್ಟಣದ ನಮ್ಮ ಔಷಧ ಉಗ್ರಾಣದ ಕಚೇರಿಯಲ್ಲಿ, ಉಳಿದ ಆರು ಜನರ ಎದುರಿಗೇ ಮುಖ್ಯಸ್ಥ ಸಿಲುಂಗ್ವೆಯವರು ನನ್ನನ್ನು ಹಂಗಿಸಿದಾಗ ಅವರ ಕೈಯಲ್ಲಿ ನನ್ನ ವಜಾ ಪತ್ರವಿತ್ತು. ಹಳ್ಳಿಯ ಆಸ್ಪತ್ರೆಗಳಿಗೆ ಮದ್ದು ತಲುಪಿಸುವ ತಂತ್ರಾಂಶಕ್ಕೆ ನಾವೆಲ್ಲ ಹತ್ತು ದಿನ ಬರೆದ ಕೋಡು ಅಳಿಸಿಹೋಗಿತ್ತು. ಕಡಿಮೆ ಓದಿದವನೇ ಕಳ್ಳ! ಪತ್ರಕ್ಕೆ ಸಹಿ ಬೀಳುವ ಮೊದಲು ಎದ್ದು ನಿಂತವರು, ಈ ಪ್ರಾಂತ್ಯದ ತಂತ್ರಾಂಶ ಕ್ಷೇತ್ರಕ್ಕೇ ಹಿರಿಯರೂ, ಮೂವತ್ತೊಂದು ವರ್ಷಗಳ ನಿಷ್ಕಳಂಕ ಸೇವೆಯ ನಂತರ ಈಗ ನಿವೃತ್ತರಾಗುತ್ತಿರುವವರೂ ಆದ ಶ್ರೀ ಚಿತಾಂಬಾ ಕಪೆಂಬ್ವಾ ಅವರು.

"ಅಳಿಸಿದ್ದು ಇವನೇ ಅಂತ ಹೆಂಗೆ ಗೊತ್ತಪ್ಪಾ? ನಿಮ್ಮನ್ನೂ ಸೇರಿಸಿ ಎಂಟು ಜನಕ್ಕೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಅದೂ ಚಹಾ ಕೋಣೆ ಕ್ಯಾಲೆಂಡರ್ ಮೇಲೆ! ಮೂರು ವಾರ ಕೊಡಿ."

ಕೊಟ್ಟರು. ಕಪೆಂಬ್ವಾ ಅವರು ಒಬ್ಬೊಬ್ಬರಿಗೂ ಪಾಸ್‌ವರ್ಡಿನ ಬದಲು ಕಂಪ್ಯೂಟರಿನಲ್ಲೇ ಒಂದೊಂದು ಜೋಡಿ ಕೀಲಿ ಮಾಡಿಸಿದರು: ಗುಟ್ಟಿನ ಅರ್ಧ ಅವರವರ ಯಂತ್ರದಲ್ಲೇ ಇರಬೇಕು, ಬಹಿರಂಗದ ಅರ್ಧ ಮಾತ್ರ ಕೋಡಿನ ಭಂಡಾರಕ್ಕೆ. ಈ ಕೀಲಿ ಹಾದುಹೋಗುವ ಜಾಲದ ದಾರಿಯನ್ನೇ ಮುಚ್ಚಿಟ್ಟಿದ್ದ ಆಸ್ಪತ್ರೆಗಳಲ್ಲಿ ಕೂತು ದುಡಿಯುವ ಇಬ್ಬರಿಗೆ, ಮೂವತ್ತು ದಿನಕ್ಕೆ ತಾನೇ ಸಾಯುವ, ಟೋಕನ್ ಎಂಬ ಗುಪ್ತ ಸಂಕೇತವನ್ನೂ ಕೊಡಿಸಿದರು. ನಾವೋ! ಮರುದಿನವೇ ನಮ್ಮ ಕಾಸುಬಾ ತನ್ನ ಗುಟ್ಟಿನ ಕೀಲಿಯನ್ನು ಎಲ್ಲರಿಗೂ ಪೆನ್‌ಡ್ರೈವಿನಲ್ಲಿ ಹಂಚಿಬಿಟ್ಟಳು. ಒಂದೇ ತಟ್ಟೆಯಲ್ಲಿ ನ್ಶಿಮಾ ಮುದ್ದೆ ಉಣ್ಣುವವರ ನಡುವೆ ಒಬ್ಬಳೇ ಇಟ್ಟುಕೊಂಡರೆ ಜಿಪುಣಿ ಅನ್ನರೇ? ಕಪೆಂಬ್ವಾ ಅವರು ಬೈಯಲಿಲ್ಲ. "ತಟ್ಟೆ ಒಂದೇ ಇರ್ಲಿ ಮಗಳೇ. ಆದ್ರೆ ನಾನು ಕೈ ತೊಳೆದ್ರೆ ನಿನ್ನ ಕೈ ಚೊಕ್ಕಟ ಆಗುತ್ತಾ?" ಎಂದು ನಕ್ಕು, ಅವಳ ಕೀಲಿಯನ್ನು ರದ್ದು ಮಾಡಿ ಹೊಸದು ಮಾಡಿಸಿದರು. ಇಂಗ್ಲಿಷಿನ ಸೂಚನೆ ನನಗೆ ಹತ್ತುವುದಿಲ್ಲವೆಂದು ಅರಿತು, ಎಂಟೂ ಜನಕ್ಕೆ ನಮ್ಮ ಬೆಂಬಾ ನುಡಿಯಲ್ಲೇ ಬರೆದುಕೊಟ್ಟರು. ನನ್ನೊಬ್ಬನ ಸಲುವಾಗಿ ಹಾಗೆ ಮಾಡಿದರೆಂದು ಯಾರಿಗೂ ತಿಳಿಯಗೊಡಲಿಲ್ಲ.

ಮೂರನೇ ವಾರ ಕೋಡು ಮತ್ತೆ ಅಳಿಯಿತು. ಯಾರ ಕೀಲಿಯಿಂದ ಏನು ಬದಲಾಯಿತೆಂಬ ದಾಖಲೆಯನ್ನು ಕಪೆಂಬ್ವಾ ಅವರು ಗೋಡೆಯ ಮೇಲೆ ತೋರಿಸಿದರು. ಅಲ್ಲಿದ್ದ ಹೆಸರು ಸಿಲುಂಗ್ವೆ! ತಮ್ಮ ಯಂತ್ರದ ಹಳೆಯ ಪ್ರತಿಯನ್ನು ಬಲವಂತವಾಗಿ ನಮ್ಮ ಕೋಡಿನ ಮೇಲೆ ಹೇರಿದ್ದರು. ಮೊದಲ ಸಲ ಎಲ್ಲ ಹೋದಾಗ ಉಳಿದಿದ್ದೂ ಅಕ್ಷರಶಃ ಅದೇ ಪ್ರತಿ.

ನನ್ನ ಕ್ಷಮೆಯನ್ನು ಇಂದಿಗೂ ಯಾರೂ ಕೇಳಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ. ಆದರೂ ಅದೇ ಕುರ್ಚಿಯಲ್ಲಿ ಕೂತು ಈ ಸಾಲು ಬರೆಯುತ್ತಿದ್ದೇನಲ್ಲ, ಅಷ್ಟು ಸಾಕು. ಕಪೆಂಬ್ವಾ ಅವರ ಕಣ್ಣು ಮಂಜಾಗದಿರಲಿ, ಕಲಿಸುವ ಚಟ ಬಿಡದಿರಲಿ, ನನ್ನಂಥ ಇನ್ನೂ ನೂರು ಜನ ಅವರ ಕೈಯಲ್ಲಿ ಪಳಗಲಿ ಎಂದು ಹಾರೈಸುತ್ತ, ದಾಖಲೆ ತೋರಿಸಿದ ಆ ಮಧ್ಯಾಹ್ನದ ಕೊನೆಯನ್ನಷ್ಟೇ ಹೇಳಿಬಿಡುತ್ತೇನೆ.

ಸಿಲುಂಗ್ವೆಯವರು ನನ್ನ ವಜಾ ಪತ್ರ ಹಿಡಿದು ನಗಲು ನೋಡಿದರು. "ಆಯ್ತು ಅಜ್ಜಾ, ನೀವೇ ಗೆದ್ರಿ. ಇದನ್ನ ಈಗ ಏನು ಮಾಡಲಿ?"

ಕಪೆಂಬ್ವಾ ಅವರು ಕನ್ನಡಕ ಮಡಚಿ ಜೇಬಿಗಿಟ್ಟುಕೊಂಡರು, ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದರು, ಸಿಲುಂಗ್ವೆಯವರ ಪಕ್ಕದಿಂದಲೇ ಹಾದು ಹೊರಗೆ ನಡೆದುಹೋದರು.