ಮೊಲಕ್ಕೆ ನೀರು

ನಾನು ಹೊಸದುರ್ಗದಲ್ಲಿ ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಎದುರಾಗಿ ಮಿಷನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಎರಡು ಮೊಲ. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತು, ಬೇರೆಲ್ಲೂ ನೋಡಲಾಗದೆ ಕೆಳಗೆ ನೋಡುತ್ತಿದ್ದರು. ನೋಡಿದ ಮೇಲೆ ಮಾತು ಶುರು. ಹಾಗಾಗಿ ಮೊಲದ ಬಗ್ಗೆ ಈ ಊರಿನವರ ತಲೆಯಲ್ಲಿ ಏನೇನಿದೆ ಎಂಬುದು ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ.

ಅವನ್ನು ನಾನು ಆಸೆಪಟ್ಟು ತಂದದ್ದಲ್ಲ. ನನ್ನ ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗಿ ಬರುವ ಗಾಡಿ. ಒಂದು ದಿನ ದುರ್ಗದಲ್ಲಿ ಎಲ್ಲರೂ ಇಳಿದ ಮೇಲೆ ಹಿಂದಿನ ಸೀಟಿನ ಕೆಳಗೆ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಂದು ಉಳಿದಿತ್ತು. ಗಾಳಿಯಾಡಲೆಂದು ಯಾರೋ ಅದಕ್ಕೆ ಪೆನ್ನಿನಿಂದ ತೂತು ಹೊಡೆದಿದ್ದರು. ಒಳಗೆ ಅಂಗೈಯಷ್ಟು ಎರಡು ಮರಿ, ಒಂದು ಬಿಳಿ, ಒಂದು ಬೂದು. ಯಾರಾದರೂ ಕೇಳಿಕೊಂಡು ಬರುತ್ತಾರೆಂದು ನನ್ನ ಗಂಡ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೆಲ್ಲ ಹೇಳಿಟ್ಟರು. ಯಾರೂ ಬರಲಿಲ್ಲ. ಅದು ಮರೆತು ಹೋದದ್ದಲ್ಲ, ಬಿಟ್ಟು ಹೋದದ್ದು ಎಂದು ನಮಗೆ ಅರ್ಥವಾಗುವ ಹೊತ್ತಿಗೆ ಮರಿಗಳು ಮೇಜಿನ ಕೆಳಗೆ ತಮ್ಮ ಜಾಗ ಮಾಡಿಕೊಂಡಿದ್ದವು.

ಮೊಲ ಸಾಕುವುದು ನನಗೂ ಗೊತ್ತಿರಲಿಲ್ಲ. ಫೋನಿನಲ್ಲಿ ನೋಡಿ, ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ ಕಲಿತೆ. ಎರಡೂ ಹೆಣ್ಣು ಎಂದು ನೋಡಿ ಹೇಳಿದವರೂ ಅವರೇ. ನನ್ನ ತವರು ಧರ್ಮಪುರದ ಕಡೆ. ಅಲ್ಲಿಂದ ಯಾರು ಬಂದರೂ ಒಂದು ಚೀಲ ಶೇಂಗಾ ಹೊಟ್ಟು, ಅಂದರೆ ಕಾಯಿ ಬಿಡಿಸಿದ ಮೇಲೆ ಉಳಿಯುವ ಒಣಬಳ್ಳಿ, ತರಿಸುತ್ತಿದ್ದೆ. ಹಸುವಿಗೆ ಹಾಕುವ ಮೇವು ಮೊಲಕ್ಕೂ ಒಳ್ಳೆಯದೇ. ಅದನ್ನು ಕಂಡವರೆಲ್ಲ ಮೂಗು ಮುರಿಯುತ್ತಿದ್ದರು. ಮೊಲ ಅಂದರೆ ಕ್ಯಾರೆಟ್ ತಾನೆ?

"ಯಾವಾಗ ಕೊಯ್ತೀರಿ?" ಎಂಬುದು ಎಲ್ಲಕ್ಕಿಂತ ಮೊದಲ ಪ್ರಶ್ನೆ.

"ಕೊಯ್ಯಲ್ಲ."

"ಮರಿ ಮಾಡಿಸಿ ಮಾರ್ತೀರಾ?"

"ಇಲ್ಲ. ಎರಡೂ ಹೆಣ್ಣು."

"ಮತ್ಯಾಕೆ?"

ಬೆಕ್ಕು ಸಾಕಿದರೆ ಇಲಿಗೆ, ನಾಯಿ ಸಾಕಿದರೆ ಕಾವಲಿಗೆ. ಮೊಲ ಸುಮ್ಮನೆ ಇರುತ್ತದೆ ಎಂದರೆ ಯಾರೂ ಒಪ್ಪುವುದಿಲ್ಲ.

ಒಬ್ಬಾಕೆ, ಮೊಲ ಬಗ್ಗಿ ತನ್ನ ಹಿಕ್ಕೆಯನ್ನೇ ತಿನ್ನುವುದನ್ನು ಕಂಡುಬಿಟ್ಟಳು. "ಹೊಟ್ಟೆಗೆ ಹಾಕಲ್ವೇನಕ್ಕ? ಪಾಪ, ಹಿಕ್ಕೆ ತಿಂತೈತೆ!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮೊಲಕ್ಕೆ ಎರಡು ಥರದ ಹಿಕ್ಕೆ ಬರುತ್ತದೆ, ಮೆತ್ತಗಿನದನ್ನು ಅದು ತಿನ್ನಲೇಬೇಕು, ದನ ಮೆಲುಕು ಹಾಕಿದ ಹಾಗೆ ಎಂದು ನಾನು ಬಿಡಿಸಿ ಹೇಳಿದೆ. ತಲೆಯಾಡಿಸಿ ಕೇಳಿಸಿಕೊಂಡು ಹೋದವಳು, ಸಂಜೆ ಎರಡು ಚಪಾತಿ ಸುತ್ತಿಕೊಂಡು ಬಂದಳು. ನನಗಲ್ಲ, ಮೊಲಕ್ಕೆ.

ಹಿರಿಯೂರಿನಿಂದ ಬಂದ ನನ್ನ ಗಂಡನ ಚಿಕ್ಕಪ್ಪ ಒಳಗೆ ಕಾಲಿಟ್ಟವರೇ ಬೂದು ಮೊಲವನ್ನು ಕಿವಿ ಹಿಡಿದು ಎತ್ತಿದರು. ಅದು ಗಾಳಿಯಲ್ಲಿ ಕಾಲು ಒದರುತ್ತಿತ್ತು. ನಾನು ಕೂಗಿಕೊಂಡೆ. "ಏನಮ್ಮ, ಮೊಲ ಹಿಡಿಯಾದೇ ಕಿವಿಯಾಗೆ. ಇಲ್ದಿದ್ರೆ ದೇವ್ರು ಅಷ್ಟುದ್ದ ಕಿವಿ ಯಾಕೆ ಕೊಟ್ಟಾನೆ?" ಎಂದರು. ಹಿರಿಯರು. ಅವರ ಕೈಯಿಂದ ಮೊಲ ಬಿಡಿಸಿಕೊಂಡು ಕಾಫಿ ಮಾಡಲು ಒಳಗೆ ಹೋದೆ.

ಮೊದಮೊದಲು ಎಲ್ಲರಿಗೂ ಹುರುಪಿನಿಂದ ಹೇಳುತ್ತಿದ್ದೆ. ಹೇಳಿದ್ದನ್ನೇ ಹೇಳಿ ಹೇಳಿ ಆ ಹುರುಪು ಸವೆದುಹೋಯಿತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡರೆ ಮಾತಾಡಬೇಕಾಗಿಲ್ಲ ಎಂಬುದನ್ನು ಕಂಡುಕೊಂಡೆ.

ಮನೆಯಲ್ಲಿ ಮೊಲಗಳ ಮೇಲೆ ನನಗಿಂತ ಹೆಚ್ಚು ಪ್ರೀತಿ ಇದ್ದದ್ದು ನಮ್ಮ ಅತ್ತೆಗೆ. ಅವರು ಬಾಗಿಲ ಬಳಿ ಚಾಪೆ ಹಾಕಿ ಕೂತು ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತಾರೆ. ಬಿಳಿ ಮೊಲ ಅವರ ಸೀರೆಯ ನೆರಿಗೆಯ ಮೇಲೆಯೇ ಮಲಗುತ್ತಿತ್ತು. ಆದರೆ ಅವರದ್ದೊಂದು ಪಟ್ಟು ಇತ್ತು. ಮೊಲ ನೀರು ಕುಡಿಯಬಾರದು.

"ಕುಡಿದ್ರೆ ಹೊಟ್ಟೆ ಉಬ್ಬಿ ಸಾಯ್ತಾವೆ ಕಣಮ್ಮ. ನಮ್ಮಪ್ಪ ಹೊಲದಾಗೆ ಎಷ್ಟು ಮೊಲ ನೋಡಿಲ್ಲ? ಮೊಲ ಕೆರೆಗೆ ಬಂದು ನೀರು ಕುಡಿದಿದ್ದನ್ನ ಯಾರಾನ ಕಂಡಾರಾ, ಹೇಳು."

ನಾನು ಕಂಡಿರಲಿಲ್ಲ. "ಇವು ಕುಡಿತಾವಲ್ಲ ಅತ್ತೆ, ನೋಡ್ರಿ" ಎಂದು ಮಣ್ಣಿನ ಬೋಗುಣಿ ತೋರಿಸುತ್ತಿದ್ದೆ. "ನೀನು ಅಭ್ಯಾಸ ಮಾಡ್ಸಿದೀಯ, ಕುಡಿತಾವೆ" ಎನ್ನುತ್ತಿದ್ದರು. ಪಕ್ಕದ ಮನೆಯವಳೂ ಅವರ ಕಡೆಯೇ. ನಾನು ವಾದಿಸದೆ ಬೋಗುಣಿ ತುಂಬಿಸುತ್ತಿದ್ದೆ, ಅವರು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಹಾಗೆಯೇ ಸಂಸಾರ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಹೊಳಲ್ಕೆರೆಯ ಹೆಂಗಸೊಬ್ಬರು ಮಗಳ ಮದುವೆಯ ಬ್ಲೌಸುಗಳನ್ನು ಹೊಲಿಯಲು ಕೊಟ್ಟಿದ್ದರು. ಅಡಿಕೆ ವ್ಯಾಪಾರದ ಮನೆ, ಮಠಕ್ಕೆ ನಡೆದುಕೊಳ್ಳುವವರು, ಮಾತು ಮೃದು. ರೇಷ್ಮೆ ಬ್ಲೌಸಿನ ತೋಳಿನ ಕಸೂತಿ ನೋಡುತ್ತ ಅವರು ದನಿ ತಗ್ಗಿಸಿ, "ಅಕ್ಕ, ಆ ಎರಡರಾಗೆ ಒಂದು ನಮಗೆ ಕೊಡ್ರಿ. ಹುಡುಗಿಗೆ ಕೂದಲು ಭಾಳ ಉದುರ್ತೈತೆ. ಮೊಲದ ರಕ್ತ ಹಾಕಿ ಎಣ್ಣೆ ಕಾಸಿ ಹಚ್ಚಿದ್ರೆ ದಟ್ಟಗೆ ಬರ್ತೈತಂತೆ" ಎಂದರು. "ನಾವು ಮುಟ್ಟಲ್ರಿ, ಬೇರೆಯವ್ರ ಕೈಯಾಗೆ ಮಾಡಿಸ್ತೀವಿ" ಎಂದೂ ಸೇರಿಸಿದರು.

"ಅದ್ರಿಂದ ಕೂದಲಿಗೆ ಏನೂ ಆಗಲ್ರಿ. ಇವನ್ನ ನಾನು ಕೊಡಾಕಿಲ್ಲ" ಎಂದೆ.

ಅವರು ಮುಖ ಚಿಕ್ಕದು ಮಾಡಿಕೊಂಡರು, ಆದರೆ ಜಗಳ ಮಾಡಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಮೊಲಗಳನ್ನು ಇನ್ನೊಮ್ಮೆ ನೋಡಿದರು. ಅತ್ತೆ ಹುಕ್ಕು ಹಚ್ಚುವುದನ್ನು ನಿಲ್ಲಿಸಿ ಆ ನೋಟವನ್ನೇ ನೋಡಿದರು.

ಅದಾದ ಸ್ವಲ್ಪ ದಿನಕ್ಕೆ ನನ್ನ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಳ್ಳಲು ನಾನು ಧರ್ಮಪುರಕ್ಕೆ ಹೋದೆ. ಹೋಗುವ ಮುಂಚೆ ಹೊಟ್ಟಿನ ಚೀಲ ತೋರಿಸಿ, ಬೋಗುಣಿ ತೊಳೆದು ತುಂಬಿಸಿಟ್ಟು, "ಬಿಸಿಲು ಜಾಸ್ತಿ ಐತೆ ಅತ್ತೆ, ಎರಡು ಹೊತ್ತು ನೀರು ಹಾಕ್ರಿ" ಎಂದೆ. ಅವರು "ಹೂಂ, ಹೋಗಿ ಬಾ, ನಾನಿಲ್ವಾ" ಎಂದರು. ಗಂಡನಿಗೂ ಹೇಳಿದೆ. ಅವರು ಕತ್ತಲಿರುವಾಗಲೇ ಗಾಡಿಗೆ ಹೋಗಿ ಕತ್ತಲಾದ ಮೇಲೆ ಬರುವವರು. ಬೋಗುಣಿ ಬರಿದಾಗಿರುವುದನ್ನು ಕಂಡಿದ್ದರಂತೆ. ಕುಡಿದು ಖಾಲಿ ಮಾಡಿವೆ ಎಂದುಕೊಂಡರಂತೆ.

ನಾನು ವಾಪಸ್ಸು ಬಂದದ್ದು ನಾಲ್ಕನೇ ದಿನ ನಡುಮಧ್ಯಾಹ್ನ. ಮೇಜಿನ ಕೆಳಗೆ ಗುಡಿಸಿ ಸಾರಿಸಿದ ಹಾಗಿತ್ತು. ಒಣಗಿದ ಬೋಗುಣಿ ಗೋಡೆಯ ಬದಿಗೆ ಸರಿದಿತ್ತು. ಬಿಳಿ ಮೊಲ ಅತ್ತೆಯ ಚಾಪೆಯ ಮೇಲೆ ಇತ್ತು. ಬೂದುಬಣ್ಣದ್ದು ಮೂಲೆಯಲ್ಲಿ ಮುದುಡಿ ಕೂತಿತ್ತು. ಕರೆದರೂ ಕಿವಿ ಎತ್ತಲಿಲ್ಲ.

ಅತ್ತೆ ಸಂಭ್ರಮದಿಂದ ಹೇಳಿದರು: "ನೀನು ಹೋದಾಗಿಂದ ಒಂದು ಹನಿ ನೀರು ಮುಟ್ಸಿಲ್ಲ ಕಣಮ್ಮ. ನೋಡು, ಉಚ್ಚೆ ವಾಸ್ನೆನೇ ಇಲ್ಲ. ನೆಲ ಹೆಂಗೆ ಒಣಗೈತೆ!"

ನನ್ನ ಕೈಯಲ್ಲಿದ್ದ ಚೀಲವನ್ನು ಎಲ್ಲಿಟ್ಟೆನೋ ನೆನಪಿಲ್ಲ. ಬೋಗುಣಿಗೆ ನೀರು ಹಾಕಿ ಇಟ್ಟೆ. ಬಿಳಿಯದು ಓಡಿಬಂದು ಕುಡಿಯತೊಡಗಿತು. ತಲೆಯೆತ್ತದೆ ಕುಡಿಯಿತು. ಅದು ನೀರು ನೆಕ್ಕುವ ಸಣ್ಣ ಸದ್ದು ಕೋಣೆಯಲ್ಲೆಲ್ಲ ಕೇಳುತ್ತಿತ್ತು. ಬೂದುಬಣ್ಣದ್ದರ ಬಾಯಿಗೆ ಬೆರಳಲ್ಲಿ ಹನಿ ಹನಿಯಾಗಿ ಬಿಟ್ಟೆ. ಅದು ನುಂಗಲಿಲ್ಲ.

ಪಶು ಆಸ್ಪತ್ರೆಗೆ ಆಟೋದಲ್ಲಿ ಒಯ್ದೆ. ಅಲ್ಲಿ ಎಮ್ಮೆ, ಕುರಿಗಳ ಸಾಲು. ಡಾಕ್ಟರು ಅದರ ಹೊಟ್ಟೆ ಮುಟ್ಟಿ ನೋಡಿ, "ಕರುಳು ನಿಂತುಹೋಗೈತಮ್ಮ. ನೀರಿಲ್ದೆ ಒಣಮೇವು ಒಳಗೇ ಗಟ್ಟಿಯಾಗೈತೆ. ಕೈಲಾದ್ದು ಮಾಡ್ತೀನಿ" ಎಂದರು. ಚರ್ಮದ ಕೆಳಗೆ ಸಲೈನ್ ಕೊಟ್ಟರು, ಹೊಟ್ಟೆ ನೀವುವುದನ್ನು ತೋರಿಸಿಕೊಟ್ಟರು. ಮನೆಗೆ ತಂದು ನೀವಿದೆ. ಅತ್ತೆಯೂ ಪಕ್ಕದಲ್ಲಿ ಕೂತು ನೀವಿದರು. ಮಾರನೇ ದಿನ ಬೆಳಿಗ್ಗೆ ಅದು ನನ್ನ ಮಡಿಲಲ್ಲೇ ಒಂದು ಸಲ ಕಾಲು ಚಾಚಿತು, ಅಷ್ಟೇ. ಗಂಡ ಆ ದಿನ ಮೊದಲ ಟ್ರಿಪ್ಪು ಬಿಟ್ಟು, ಹಿತ್ತಲ ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿದರು. ಮಣ್ಣು ಮುಚ್ಚುವಾಗ ಮೆಲ್ಲಗೆ, "ಅವ್ವಂಗೆ ಏನೂ ಅನ್ನಬ್ಯಾಡ. ಬೇಕಂತ ಮಾಡಿದ್ದಲ್ಲ" ಎಂದರು.

ನಾನು ಅನ್ನಲಿಲ್ಲ.

ಆದರೆ ಸಾವಿಗೆ ಕಾರಣ ಹೇಳುವವರಿಗೆ ಬರವಿರಲಿಲ್ಲ. ನಿಮ್ಮ ಮನೆಗೆ ಬರುವ ಗಂಡಾಂತರವನ್ನು ಅದು ತಗೊಂಡು ಹೋಯ್ತು ಎಂದರು ಒಬ್ಬರು. ಬಟ್ಟೆಯ ಧೂಳು ಕುಡಿದು ಸತ್ತಿತು ಎಂದರು ಇನ್ನೊಬ್ಬರು. ಕ್ಯಾರೆಟ್ ಹಾಕಲಿಲ್ಲವಲ್ಲ ಎಂದವರೂ ಇದ್ದರು. ಎಲ್ಲಕ್ಕೂ ಹೂಂ ಎಂದು ಮಿಷನ್ ತುಳಿದೆ. ಅತ್ತೆ ಮಾತ್ರ ತಮ್ಮದೇ ಕಾರಣ ಹಿಡಿದಿದ್ದರು. ಬಂದವರಿಗೆಲ್ಲ, "ಹೊಳಲ್ಕೆರೆಯಾಕೆ ರಕ್ತ ಕೇಳಿದ್ಲಲ್ಲ, ಅವಳ ಕಣ್ಣು ತಗಲ್ತು. ಬಾಗಿಲಾಗೆ ನಿಂತು ಹೆಂಗೆ ನೋಡಿದ್ಲು ಅಂತೀರಿ!" ಎಂದು ಹೇಳುತ್ತಿದ್ದರು. ನಾನು ಒಳಗಿಂದ ಕೇಳಿಸಿಕೊಂಡೂ ಸುಮ್ಮನಿದ್ದೆ. ಮೊಲ ಸತ್ತ ಮೇಲೆ ಅದರ ಕಾರಣಕ್ಕಾಗಿ ಕಾದಾಡುವುದು ಯಾರಿಗೆ ಬೇಕು?

ಮಾತು ಹೊಳಲ್ಕೆರೆ ಮುಟ್ಟಿತು. ಅವರು ಬ್ಲೌಸ್ ಒಯ್ಯಲು ಬಂದರು. ಕುಂತ್ಕಳ್ರಿ ಎಂದರೂ ಕೂರಲಿಲ್ಲ. ಮುಖ ಕೆಂಪಾಗಿತ್ತು.

"ಅಲ್ರಿ, ನನ್ನ ಕಣ್ಣು ಬಿದ್ದು ನಿಮ್ಮ ಮೊಲ ಸತ್ತೋಯ್ತು ಅಂತ ಊರೆಲ್ಲ ಹೇಳ್ತಾ ಇದೀರಂತೆ. ಮಗಳ ಮದುವೆ ಹತ್ರ ಐತೆ. ಬೀಗರ ಕಿವಿಗೆ ಬಿದ್ರೆ ಏನಂತಾರೆ? ಕೇಳಿದ್ದು ತಪ್ಪಾಗಿದ್ರೆ ತಪ್ಪು ಅಂತ ನನಗೇ ಹೇಳ್ಬೇಕಿತ್ತು."

ಅವರ ಕಣ್ಣು ತುಂಬಿದವು. ಅತ್ತೆ ಚಾಪೆಯ ಮೇಲೆ ತಲೆ ತಗ್ಗಿಸಿ ಸೂಜಿ ಹಿಡಿದು ಕೂತಿದ್ದರು. ಇನ್ನು ಸುಮ್ಮನಿದ್ದರೆ ಆಗುವುದಿಲ್ಲ ಎನಿಸಿತು.

"ನಿಮ್ಮ ಕಣ್ಣಲ್ರಿ. ಅದು ನೀರಿಲ್ದೆ ಸತ್ತಿದ್ದು. ನಾನು ಊರಾಗಿರಲಿಲ್ಲ, ಕುಡಿಯಾಕೆ ನೀರಿರಲಿಲ್ಲ. ಡಾಕ್ಟರೇ ಹೇಳಿದ್ರು. ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳ್ತೀನಿ" ಎಂದೆ.

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಒಳಗೆ ಹೋದರು. ಹೊಳಲ್ಕೆರೆಯವರು ಅವರ ಬೆನ್ನು ನೋಡಿದರು, ನನ್ನ ಮುಖ ನೋಡಿದರು. ಎಲ್ಲ ಅರ್ಥವಾಯಿತೆಂದು ಕಾಣುತ್ತದೆ. ಆಗ ಕೂತರು. ಬ್ಲೌಸುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಹೋಗುವಾಗ, "ಒಂಟಿ ಮೊಲ ಬಾಳಲ್ವಂತೆ, ಜೊತೆ ತಂದುಬಿಡ್ರಿ" ಎಂದರು. ಅದರಲ್ಲಿ ಅರ್ಧ ನಿಜವಿತ್ತು. ಅವರು ಅಷ್ಟಾದರೂ ತಿಳಿದಿದ್ದರಲ್ಲ ಎಂದುಕೊಂಡೆ.

ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅನ್ನ ಬಡಿಸಿದರೆ ಉಣ್ಣುತ್ತಿದ್ದರು, ಹುಕ್ಕು ಹಚ್ಚುತ್ತಿದ್ದರು, ಅಷ್ಟೇ. ಗಂಡ ನನ್ನನ್ನೂ ಅವರನ್ನೂ ನೋಡುತ್ತ ಊಟ ಮುಗಿಸುತ್ತಿದ್ದರು. ಕೊನೆಗೊಂದು ಸಂಜೆ, ನಾನು ಬ್ಲೌಸಿನ ತೋಳು ಕತ್ತರಿಸುತ್ತಿದ್ದಾಗ, ಅತ್ತೆ ನೆಲ ನೋಡುತ್ತಲೇ ಕೇಳಿದರು:

"ಹಂಗಾದ್ರೆ ಹೊಲದಾಗಿನ ಮೊಲ ಹೆಂಗೆ ಬದುಕ್ತಾವೆ?"

ಕತ್ತರಿ ಕೆಳಗಿಟ್ಟೆ. "ಅವು ಬೇರೆ ಜಾತಿ ಅತ್ತೆ. ಬೆಳಗಿನ ಜಾವ ಹಸಿ ಗರಿಕೆ ತಿಂತಾವೆ, ಇಬ್ಬನಿ ಇರ್ತೈತೆ. ಅದ್ರಾಗೇ ನೀರು ಸಿಗ್ತೈತೆ. ನಮ್ಮವು ತಿನ್ನಾದು ಒಣ ಹೊಟ್ಟು."

ಅತ್ತೆ ಕೈಲಿದ್ದ ಹುಕ್ಕನ್ನು ಹಚ್ಚಿ ಮುಗಿಸಿದರು. ಆಮೇಲೆ, "ನೀನು ನೀರು ಹಾಕು ಅಂದೆ. ಯಾಕೆ ಅಂತ ಹೇಳಿರಲಿಲ್ಲ" ಎಂದರು.

ಹೇಳಿದ್ದೆನೋ ಇಲ್ಲವೋ, ನನಗೇ ಖಚಿತವಿಲ್ಲ. ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದರಲ್ಲಿ ಅವರಿಗೆ ಹೇಳಿದ್ದು ಯಾವುದು, ಬಿಟ್ಟದ್ದು ಯಾವುದು? ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನ ಕೈಯಾರೆ ಆಯ್ತು" ಎಂದರು. ನಾನು ಎದ್ದು ಹೋಗಿ ಟೀ ಇಟ್ಟೆ.

ಬಿಳಿಯದಕ್ಕೆ ಈಗ ದುರ್ಗದಿಂದ ತಂದ ಕಂದು ಬಣ್ಣದ ಜೊತೆಗಾತಿ ಇದೆ. ಎರಡೂ ಮೊದಲ ತಿಂಗಳೆಲ್ಲ ಕೂದಲು ಕಿತ್ತುಕೊಂಡು ಜಗಳವಾಡಿದವು. ಅದನ್ನು ಕಂಡು, ಗಂಡು ತರಬೇಕಿತ್ತು ಎಂದು ಬುದ್ಧಿ ಹೇಳಿದವರು ಅನೇಕರು. ಈಗ ಉತ್ತರ ಕೊಡುವ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ. ಮೊನ್ನೆ ಅಳತೆ ಕೊಡಲು ಬಂದ ಹೊಸ ಹುಡುಗಿಯೊಬ್ಬಳು, "ಅಜ್ಜಿ, ಇವು ರಾತ್ರಿ ಕಣ್ಣು ಬಿಟ್ಕಂಡೇ ನಿದ್ದೆ ಮಾಡ್ತಾವಂತಲ್ಲ, ಹೌದಾ?" ಎಂದು ಕೇಳಿದಳು.

"ನಿದ್ದೆನಾ? ಮೊಲ ನಿದ್ದೆ ಮಾಡಾದೇ ಇಲ್ಲ ಕಣವ್ವ" ಎಂದರು ಅತ್ತೆ, ಬಲು ಖಚಿತವಾಗಿ.

ಹುಡುಗಿ ನನ್ನ ಕಡೆ ನೋಡಿದಳು. ನಾನು ಟೇಪನ್ನು ಅವಳ ಭುಜಕ್ಕೆ ಹಿಡಿದು, ತೋಳು ಮೊಣಕೈ ತನಕ ಇಡಬೇಕೋ ಗಿಡ್ಡ ಸಾಕೋ ಎಂದು ಕೇಳಿದೆ.