ಖಾಲಿ ಕಾಗದದಲ್ಲೊಂದು ಕಲೆ

ಉಪಗ್ರಹದ ಕ್ಯಾಮರಾವನ್ನು ಮೇಲಕ್ಕೆ ಕಳಿಸುವ ಮೊದಲು ಅದಕ್ಕೆ ಒಂದೇ ಸಮನಾದ ಬೆಳಕು ತೋರಿಸಿ, ಎಲ್ಲೆಲ್ಲಿ ತಪ್ಪು ಕಾಣುತ್ತದೆಂದು ಗುರುತು ಹಾಕಿಕೊಳ್ಳುತ್ತಾರಂತೆ. ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದೆ. ಕೈಯಲ್ಲಿದ್ದ ಕಾಫಿ ಹಾಗೆಯೇ ಆರಿತು. ಉಪಗ್ರಹಕ್ಕೂ ನಿನಗೂ ಏನಯ್ಯಾ ನಂಟು ಎನ್ನುತ್ತೀರಾ? ಕೇಳಿ.

ಅರವತ್ತರ ದಶಕದಲ್ಲಿ ನಾನು ಮೂಡುಬಿದಿರೆಯ ಒಂದು ಸ್ಟುಡಿಯೋದಲ್ಲಿ ಫೋಟೋ ಪ್ರಿಂಟು ಹಾಕುತ್ತಿದ್ದೆ. ಮೊಡವೆ, ಸುಕ್ಕುಗಳನ್ನೆಲ್ಲ ಪೆನ್ಸಿಲಿನಿಂದ ಮಾಯ ಮಾಡುವವನೆಂಬ ಜಂಬ ಬೇರೆ. ಸಂಬಂಧ ಕೇಳಲು ಜಾತಕದ ಜೊತೆ ಕಳಿಸುವ ಫೋಟೋಗಳೇ ನಮ್ಮಲ್ಲಿ ಹೆಚ್ಚು. ಎಲ್ಲರನ್ನೂ ಬಿಳಿ ಪರದೆಯ ಮುಂದೆ, ಅದೇ ಸ್ಟೂಲಿನ ನಡುವೆ ಕೂರಿಸುವುದು ಪದ್ಧತಿ. ತೋಡಾರಿನ ಮಾಸ್ಟರೊಬ್ಬರ ಮಗಳು ಸುನಂದಾ ಮಾತ್ರ ನಾಚಿ ಅಂಚಿಗೆ ಸರಿದು ಕುಳಿತಿದ್ದಳು. ಇರಲಿ ಎಂದು ಹಾಗೆಯೇ ತೆಗೆದಿದ್ದೆವು.

ಆ ಫೋಟೋ ಬೆಳ್ತಂಗಡಿಯ ಗಂಡಿನ ಮನೆಗೆ ಹೋಗಿ ವಾಪಸು ಬಂತು. ಎಡಕೆನ್ನೆಯಲ್ಲಿ ಬಿಳಿ ಕಲೆ, ತೊನ್ನು ಎಂದರಂತೆ. ಮಾಸ್ಟ್ರು ಓಡಿ ಬಂದರು.

“ಮುಖದಲ್ಲಿ ನಮಗೇನೂ ಕಾಣುವುದಿಲ್ಲ ಮಾರಾಯ್ರೇ. ಪ್ರಿಂಟಿನಲ್ಲಿ ಏನಾದರೂ ತಪ್ಪು ಉಂಟಾ?”

“ಬೇರೆ ಯಾರ ಫೋಟೋದಲ್ಲೂ ಇಲ್ಲವಲ್ಲ ಮಾಸ್ಟ್ರೇ? ಕೆಲವು ಸಲ ಕಣ್ಣಿಗಿಂತ ಮೊದಲು ಫೋಟೋದಲ್ಲಿ ಕಾಣ್ತದೆ,” ಎಂದೆ. ನಾನು ಯಾವ ಸೀಮೆಯ ಡಾಕ್ಟರು!

ಎರಡು ತಿಂಗಳ ಮೇಲೆ ತಂದೆಯೊಡನೆ ಸುನಂದಾ ಬಂದಳು. ಎಡಕೆನ್ನೆಯಲ್ಲಿ ಕಾಸಗಲ ಸುಟ್ಟು ಕಪ್ಪಾದ ಗಾಯ. ಯಾರೋ ಹೇಳಿದ ಮದ್ದನ್ನು ಅರೆದು, ನನ್ನ ಫೋಟೋ ನೋಡಿ ಜಾಗ ಗುರುತಿಸಿ, ಮನೆಯವರು ಹಚ್ಚಿದ್ದರು.

“ಮುಖವೇ ಇಲ್ಲದ ಒಂದು ಪ್ರಿಂಟು ಹಾಕಿ. ಕಲೆ ಎಲ್ಲಿ ಕೂರ್ತದೆ ನೋಡುವ,” ಎಂದಳು.

ನೆಗೆಟಿವ್ ಇಡದೆ, ಅದನ್ನು ಹಿಡಿಯುವ ಖಾಲಿ ಗಾಜಿನ ಮೂಲಕವೇ ಕಾಗದಕ್ಕೆ ಬೆಳಕು ಬಿಟ್ಟೆ. ಡೆವಲಪರ್ ದ್ರಾವಣದಲ್ಲಿ ಅದ್ದಿದ ಕಾಗದ ಕಪ್ಪಾಗುತ್ತಾ ಬಂತು. ಒಂದು ಕಡೆ ಮಾತ್ರ ಕಪ್ಪಾಗದೆ ಬಿಳಿ ಕಲೆ ಉಳಿಯಿತು. ಗಾಜಿಗೆ ಮಳೆಗಾಲದ ಬೂಸ್ಟು ಹಿಡಿದು ಅಲ್ಲಿ ಬೆಳಕನ್ನು ತಡೆದಿತ್ತು. ನಡುವೆ ಕುಳಿತವರ ಫೋಟೋದಲ್ಲಿ ಆ ಕಲೆ ಪಕ್ಕದ ಬಿಳಿ ಪರದೆಯ ಮೇಲೆ ಬಿದ್ದು ಕಾಣದೆ ಹೋಗುತ್ತಿತ್ತು. ಸರಿದು ಕುಳಿತವಳ ಕೆನ್ನೆಗೆ ಬಂದಿತ್ತು.

ಗಾಜು ಒರೆಸಿದೆ. “ಈಗ ನನ್ನದೊಂದು ತೆಗೆಯಿರಿ,” ಎಂದಳು. ಸ್ಟೂಲಿನ ನಡುವೆಯೇ ಕುಳಿತಳು. ಪ್ರಿಂಟಿನಲ್ಲಿ ಸುಟ್ಟ ಗುರುತು ಅಚ್ಚುಕಟ್ಟಾಗಿ ಮೂಡಿತ್ತು. ಪೆನ್ಸಿಲ್ ಎತ್ತಿಕೊಂಡ ನನ್ನ ಕೈಯನ್ನು ನೋಡಿ, “ಬೇಡ. ಈಗ ಸರಿ ಬಂದಿದೆ,” ಎಂದಳು.

ಇಷ್ಟು ವರ್ಷ ಈ ಕಥೆ ಹೇಳುವಾಗಲೆಲ್ಲ ತಪ್ಪನ್ನು ಆ ಮದ್ದು ಹೇಳಿದವರ ತಲೆಗೆ ಕಟ್ಟುತ್ತಿದ್ದೆ. ಇವತ್ತು ಪತ್ರಿಕೆ ಮಡಚಿಟ್ಟು ಲೆಕ್ಕ ಹಾಕಿದೆ. ಖಾಲಿ ಪ್ರಿಂಟು ಹಾಕಲು ಐದು ನಿಮಿಷ ಸಾಕು. ಮಾಸ್ಟ್ರು ಮೊದಲ ಸಲ ಬಂದು ಕೇಳಿದ ದಿನ ನನಗೆ ಬೇರೆ ಕೆಲಸವೇ ಇರಲಿಲ್ಲ.