ವಿಭೂತಿ ಹಚ್ಚಿದ ಶಿಲ್ಲಿಂಗ್

ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದ ಕಾಲದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಟಂಕಿಸಿದ ಬೆಳ್ಳಿ ಶಿಲ್ಲಿಂಗೊಂದು ನನ್ನ ಹತ್ತಿರ ಇದೆ. ಒಂದು ಬದಿಗೆ ಪೈನ್ ಮರ, ಅಂಚು ಸೊಟ್ಟ. ನೆದರ್‌ಲ್ಯಾಂಡ್ಸ್‌ನ ಈ ಎನ್ಸ್‌ಕೆಡೆ ಊರಿನಲ್ಲಿ ಇಂಥ ನಾಣ್ಯಗಳ ಹುಚ್ಚು ಹತ್ತಿದ ಕನ್ನಡಿಗ ನಾನೊಬ್ಬನೇ ಎಂಬ ಜಂಭ ನನಗಿತ್ತು.

ಅದನ್ನು ನನಗೆ ಮಾರಿದವರು ನಮ್ಮ ನಾಣ್ಯ ಸಂಘದ ಹಿರಿಯರು, ಎಂಬತ್ತು ದಾಟಿದ ಡಚ್ ಅಜ್ಜ. ಅವರ ಹಿಂದೆ ನಾಲ್ಕು ವರ್ಷ ಸುತ್ತಿದ್ದೆ. ದುಡ್ಡು ನೋಡಿ ಕೊಡುವವರಲ್ಲ, ಮನುಷ್ಯನನ್ನು ನೋಡಿ ಕೊಡುವವರು. ಕೊಡುವಾಗ ಹೇಳಿದ್ದು ಒಂದೇ ಮಾತು: "ಇದನ್ನು ಎಂದೂ ಉಜ್ಜಬೇಡಿ. ಈ ಕಪ್ಪು ಕೂರಲು ಮುನ್ನೂರು ವರ್ಷ ಬೇಕಾಗಿದೆ, ನಾಣ್ಯದ ಬೆಲೆಯೆಲ್ಲ ಇದರಲ್ಲೇ." ನನ್ನ ಹೆಂಡತಿಯೂ ಪಕ್ಕದಲ್ಲಿದ್ದಳು. ಇಲ್ಲಿನ ಶಿಶುವಿಹಾರದಲ್ಲಿ ಕೆಲಸ ಮಾಡುವ ಅವಳಿಗೆ ಡಚ್ ನನಗಿಂತ ಚೆನ್ನಾಗಿ ಬರುತ್ತದೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ಕನ್ನಡ ಮನೆಯವರನ್ನು ಕರೆದಿದ್ದೆವು. ಶಿಲ್ಲಿಂಗನ್ನು ಕಳಶದ ಮುಂದಿಟ್ಟು ಎಲ್ಲರಿಗೂ ತೋರಿಸಬೇಕೆಂಬ ಚಪಲ ನನಗೆ. ಇಟ್ಟು ನೋಡಿದರೆ, ಥಳಥಳಿಸುವ ದೀಪಗಳ ನಡುವೆ ಅದು ಮಸಿ ಹಿಡಿದ ಬಿಲ್ಲೆಯ ಹಾಗೆ ಕಂಡಿತು. ಕಪ್ಪಾದ ಬೆಳ್ಳಿಯನ್ನು ದೇವರ ಮುಂದೆ ಇಡಬಾರದು ಎಂದು ಕೇಳುತ್ತಲೇ ಬೆಳೆದವನು ನಾನು. ಮೈಸೂರಿನ ಮನೆಯಲ್ಲಿ ಹಬ್ಬದ ಬೆಳ್ಳಿ ಉಜ್ಜುವುದು ನನ್ನದೇ ಕೆಲಸವಾಗಿತ್ತು. ಕೈ ತಾನಾಗಿ ವಿಭೂತಿಗೆ ಹೋಯಿತು.

"ಬೇಡ ರೀ, ಅಜ್ಜ ಅಷ್ಟು ಹೇಳಿದಾರೆ," ಎಂದಳು ಹೆಂಡತಿ.

"ಲೈಟಾಗಿ ಅಷ್ಟೇ. ನಂಗೊತ್ತು ಬಿಡು," ಎಂದೆ.

ಐದು ನಿಮಿಷದಲ್ಲಿ ಅದು ನಿನ್ನೆ ಅಂಗಡಿಯಿಂದ ತಂದದ್ದರ ಹಾಗೆ ಹೊಳೆಯಿತು. ಬಂದವರು ಹೊಗಳಿದರು. ಅವರು ಹೊರಟ ಕೂಡಲೇ ನಾನು ಅದನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಮುಂದಿನ ಭಾನುವಾರ ಅಜ್ಜ ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಶಿಲ್ಲಿಂಗ್ ತನ್ನಿ, ನೋಡಿ ಬಹಳ ದಿನವಾಯಿತು ಎಂದರು. ಏನೂ ನೆಪ ಹೊಳೆಯದೆ ತೆಗೆದುಕೊಂಡು ಹೋದೆ. ಭೂತಗನ್ನಡಿ ಹಿಡಿದು ಎರಡೂ ಬದಿ ನೋಡಿದರು.

"ಯಾರು ಮಾಡಿದ್ದು ಇದನ್ನು?" ಎಂದು ಡಚ್‌ನಲ್ಲಿ ಕೇಳಿದರು.

ಆ ಮುದುಕರ ಕಣ್ಣಲ್ಲಿ ಸಣ್ಣವನಾಗುವುದಕ್ಕೆ ನಾನು ತಯಾರಿರಲಿಲ್ಲ. "ನನ್ನ ಹೆಂಡತಿ," ಎಂದೆ. "ಹಬ್ಬ ಅಂತ. ನಾನು ಆಫೀಸಿನಲ್ಲಿದ್ದೆ."

ಅವಳು ಕಪ್ ಕೆಳಗಿಟ್ಟಳು. "ಹೌದು, ನಾನೇ. ಕ್ಷಮಿಸಿ," ಎಂದು ಅಚ್ಚ ಡಚ್‌ನಲ್ಲಿ ಹೇಳಿದಳು.

ಅಜ್ಜ ಅವಳ ಕಡೆ ನೋಡಲಿಲ್ಲ. ನನ್ನ ಭುಜ ತಟ್ಟಿ, ಪಾಪ, ನಿಮಗೆಷ್ಟು ಸಂಕಟವಾಗಿರಬೇಕು ಎಂದು ಸಮಾಧಾನ ಮಾಡಿದರು. ನಿಮಗೆಂದೇ ಇನ್ನೊಂದು ನಾಣ್ಯ ತೆಗೆದಿಟ್ಟಿದ್ದೇನೆ, ಮುಂದಿನ ವಾರ ಬನ್ನಿ, ಆದರೆ ಅದನ್ನು ಬೀಗ ಹಾಕಿ ಇಡಿ ಎಂದರು. ನಾನು ತಲೆಯಾಡಿಸಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವಳು ಉಂಡಳು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬಸ್ ಸ್ಟಾಪಿಗೆ ನಡೆದು ಬಂದೆವು. ನಾನು ಸಾರಿ ಎನ್ನಲು ಬಾಯಿ ತೆರೆದಾಗ ತಡೆದಳು.

"ಮುಂದಿನ ವಾರ ನೀವೊಬ್ಬರೇ ಹೋಗಿ. ಆ ಕಾಯಿನ್‌ಗೂ ಏನಾದ್ರೂ ಆದ್ರೆ ನನ್ನ ಹೆಸರೇ ಹೇಳಿ, ಪರವಾಗಿಲ್ಲ. ಅಲ್ಲಿ ನನ್ನ ಹೆಸರು ಹೇಗೂ ಕೆಟ್ಟಿದೆ."

ಮುಂದಿನ ವಾರ ನಾನೊಬ್ಬನೇ ಹೋದೆ. ಆ ನಾಣ್ಯವನ್ನೂ ತಂದೆ.